ತ್ರಸರೇಣು: ಬಿಸಿಲುಕೋಲಿನ ಧೂಳು, ಅಕ್ಕಸಾಲಿಗನ ತಕ್ಕಡಿ

ಕೆಲವು ವರ್ಷಗಳ ಹಿಂದೆ ಇದೇ ಸ್ಮರಣ ಸಂಚಿಕೆಯಲ್ಲಿ ಪ್ರಾಚೀನ ಭಾರತದ ಅಳತೆಗಳ ಬಗ್ಗೆ ನಾನೊಂದು ಲೇಖನ ಬರೆದಿದ್ದೆ. ಅದರಲ್ಲಿದ್ದ ಒಂದು ವಾಕ್ಯ ಹೀಗಿತ್ತು: ‘ತ್ರಸ ಎಂದರೆ ಮೂರು, ರೇಣು ಎಂದರೆ ಧೂಳಿನ ಕಣ, ಕಿಟಕಿಯ ಬಿಸಿಲಿನಲ್ಲಿ ಕಾಣುವ ಈ ತ್ರಸರೇಣುವಿನ ಆರನೆಯ ಒಂದು ಭಾಗವೇ ಪರಮಾಣು ಎಂದು ನಮ್ಮ ಹಿರಿಯರು ಡಾಲ್ಟನ್ನನಿಗಿಂತ ಎಷ್ಟೋ ಶತಮಾನ ಮೊದಲೇ ಅಳೆದಿಟ್ಟಿದ್ದರು.’ ಆ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳು ಈ ವಾಕ್ಯವನ್ನು ವೇದಿಕೆಯ ಮೇಲೆ ಒಪ್ಪಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮಾರನೆಯ ವಾರ ಒಂದು ಫೋನ್ ಬಂತು. ಮಗಳ ಮನೆಗೆಂದು ಊರಿನಿಂದ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು. ‘ಲೇಖನ ಚೆನ್ನಾಗಿದೆ. ಒಂದೇ ಸಂಶಯ. ಆರರಲ್ಲಿ ಒಂದು ಭಾಗ ಅಂತ ಬರೆದಿದ್ದೀರಲ್ಲ, ಅದನ್ನು ಅಳೆದವರು ಯಾರು ಸ್ವಾಮಿ?’ ಎಂದರು. ಗ್ರಂಥಗಳಲ್ಲಿದೆ ಸಾರ್ ಎಂದೆ. ‘ಗ್ರಂಥದಲ್ಲಿರೋದು ನನಗೂ ಗೊತ್ತು. ಅಳೆದವರು ಯಾರು ಅಂತ ಕೇಳಿದ್ದು’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಧೂಳಿನ ಕಣ ಎಣಿಸುವುದು ಎಂಬುದನ್ನು ನೆನೆದರೆ ಈ ನಾಚಿಕೆ ಇನ್ನಷ್ಟು ಹೆಚ್ಚುತ್ತದೆ. ಚಿಪ್ ತಯಾರಿಸುವ ಕಾರ್ಖಾನೆಯ ಕ್ಲೀನ್‌ರೂಮಿನಲ್ಲಿ ಗಾಳಿಯ ಶುದ್ಧಿಯನ್ನು ನೋಡಿಕೊಳ್ಳುವವನು ನಾನು. ಆ ವಾಕ್ಯದಲ್ಲಿ ತಪ್ಪೆಷ್ಟು ಸರಿಯೆಷ್ಟು ಎಂದು ಹುಡುಕುತ್ತ ಹೋದದ್ದರ ಫಲ ಈ ಲೇಖನ. ಇದನ್ನು ತಿದ್ದುಪಡಿ ಎಂದೇ ಓದಿಕೊಳ್ಳಬಹುದು.

ಮೊದಲು ಶಬ್ದ. ‘ತ್ರಸ’ಕ್ಕೂ ಮೂರಕ್ಕೂ ಸಂಬಂಧವಿಲ್ಲ. ಇದು ತ್ರಸ್ ಧಾತು. ನಡುಗು, ಬೆದರು, ಅಲುಗು ಎಂದು ಅರ್ಥ. ಉತ್ತರ ಕರ್ನಾಟಕದ ಮಂದಿ ತೊಂದರೆಗೆ ‘ತ್ರಾಸ’ ಎನ್ನುತ್ತಾರಲ್ಲ, ಅದೇ ಧಾತು. ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೆ ಬಂದ ‘ಟೆರರ್’ ಕೂಡ ದೂರದ ನೆಂಟ. ಜೈನರು ಜೀವಗಳನ್ನು ಸ್ಥಾವರ, ತ್ರಸ ಎಂದು ವಿಂಗಡಿಸುವಾಗ ತ್ರಸವೆಂದರೆ ಚಲಿಸುವ ಜೀವ. ‘ರೇಣು’ ಎಂದರೆ ಧೂಳು, ಹೂವಿನ ಪರಾಗವೂ ಹೌದು. ಸವದತ್ತಿಯ ರೇಣುಕೆಯ ಹೆಸರಿನಲ್ಲಿರುವುದೂ ಇದೇ ರೇಣು. ದಿನದಿನವೂ ಮರಳಿನ ಕೊಡ ಮಾಡಿ ನೀರು ತರುತ್ತಿದ್ದವಳು ಅವಳು ಎಂಬ ಕತೆ ಎಲ್ಲರಿಗೂ ಗೊತ್ತು. ಹಾಗಾಗಿ ತ್ರಸರೇಣು ಎಂದರೆ ನಡುಗುವ ಧೂಳು, ಅಲೆದಾಡುವ ಧೂಳು. ನಿಘಂಟುಗಳು ಇದನ್ನು ಸೂರ್ಯನ ಹೆಂಡತಿಯೊಬ್ಬಳ ಹೆಸರೆಂದೂ ಕೊಡುತ್ತವೆ. ಬಿಸಿಲಿಲ್ಲದೆ ಕಾಣಿಸಿಕೊಳ್ಳದವಳಿಗೆ ಒಪ್ಪುವ ಸಂಬಂಧವೇ.

ನನಗೆ ಮೂರರ ಭ್ರಮೆ ಹುಟ್ಟಿದ್ದು ಎಲ್ಲಿಂದ ಎಂದರೆ, ನ್ಯಾಯ-ವೈಶೇಷಿಕರು ಇದೇ ವಸ್ತುವಿಗೆ ‘ತ್ರ್ಯಣುಕ’ ಎಂಬ ಇನ್ನೊಂದು ಹೆಸರು ಬಳಸುತ್ತಾರೆ. ಅದರಲ್ಲಿ ಮೂರು ನಿಜವಾಗಿ ಇದೆ. ಒಂದು ಹೆಸರಿನ ಅರ್ಥವನ್ನು ಇನ್ನೊಂದಕ್ಕೆ ಅಂಟಿಸಿದ್ದೆ. ಶಬ್ದಗಳ ವಿಷಯದಲ್ಲಿ ಕಿವಿಯನ್ನು ನಂಬಬಾರದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಇಲ್ಲೇ ಪಕ್ಕದಲ್ಲಿದೆ. ತ್ರಸರೇಣು ತೂಕದ ಅಳತೆಯಾಗಿತ್ತು ಎಂದು ಗೊತ್ತಾದ ಕೂಡಲೇ, ತಕ್ಕಡಿಗೆ ನಾವನ್ನುವ ‘ತ್ರಾಸು’ ಇದರಿಂದಲೇ ಬಂದಿರಬೇಕು ಎಂದು ನನ್ನ ಮನಸ್ಸು ಕುಣಿಯಿತು. ಎರಡು ದಿನ ಕುಣಿದ ಮೇಲೆ ನಿಘಂಟು ನೋಡಿದೆ. ತ್ರಾಸು ಪಾರಸಿಯ ‘ತರಾಜು’.

ಈ ಹೆಸರು ಹುಟ್ಟಿದ ಜಾಗ ಒಂದು ಕಿಟಕಿ. ಮನುಸ್ಮೃತಿ, ಯಾಜ್ಞವಲ್ಕ್ಯ ಸ್ಮೃತಿ ಎರಡೂ ಇದನ್ನು ವಿವರಿಸುವುದು ಒಂದೇ ರೀತಿ: ಜಾಲಂದ್ರದ ಮೂಲಕ ಬಿದ್ದ ಸೂರ್ಯಕಿರಣದಲ್ಲಿ ಕಾಣುವ ಸೂಕ್ಷ್ಮ ಧೂಳು. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಟೀಕೆ ಟಿಪ್ಪಣಿ ಬೇಡ. ನಮ್ಮ ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಒಲೆಯ ಹೊಗೆಯನ್ನು ಸೀಳಿಕೊಂಡು ಒಂದು ಬಿಸಿಲುಕೋಲು ಇಳಿದು ಒರಳುಕಲ್ಲಿನ ಮೇಲೆ ನಿಲ್ಲುತ್ತಿತ್ತು. ಅದರೊಳಗೆ ಕೈಯಾಡಿಸಿದರೆ ಧೂಳೆಲ್ಲ ಬೆದರಿ ಸುಳಿ ಸುತ್ತಿ ಮತ್ತೆ ನಿಧಾನಕ್ಕೆ ತೇಲುತ್ತಿತ್ತು. ಬೆದರುವ ಧೂಳು ಎಂದು ಹೆಸರಿಟ್ಟವನು ಹೀಗೆಯೇ ಕೈಯಾಡಿಸಿ ನೋಡಿರಬೇಕು.

ಆದರೆ ಧರ್ಮಶಾಸ್ತ್ರದವರು ಈ ಧೂಳನ್ನು ನೋಡಿ ಬೆರಗಾಗಿ ಬರೆದದ್ದಲ್ಲ. ಮನುಸ್ಮೃತಿಯಲ್ಲಿ ಈ ಮಾತು ಬರುವುದು ಎಂಟನೆಯ ಅಧ್ಯಾಯದಲ್ಲಿ. ಅದು ನ್ಯಾಯಾಲಯದ ಅಧ್ಯಾಯ. ಸಾಲ, ಸಾಕ್ಷಿ, ದಂಡ. ದಂಡವನ್ನು ಚಿನ್ನ, ಬೆಳ್ಳಿ, ತಾಮ್ರದಲ್ಲಿ ಹೇಳಬೇಕು. ಹಾಗೆ ಹೇಳಲು ತೂಕದ ಕೋಷ್ಟಕ ಬೇಕು. ಕೋಷ್ಟಕ ಎಲ್ಲಿಂದಲಾದರೂ ಶುರುವಾಗಬೇಕು. ಅಳತೆಗಳಲ್ಲಿ ಮೊದಲನೆಯದು ಎಂದು ತ್ರಸರೇಣುವನ್ನು ಕರೆದಿರುವುದು ಅದಕ್ಕೇ. ಎಂಟು ತ್ರಸರೇಣುವಿಗೆ ಒಂದು ಲಿಕ್ಷಾ. ಲಿಕ್ಷಾ ಎಂದರೆ ಹೇನಿನ ಮೊಟ್ಟೆ, ನಮ್ಮ ಸೀರು; ಸೀರಣಿಗೆ ಹಿಡಿದು ಕೂತ ಅಜ್ಜಿಯರಿಗೆ ಚೆನ್ನಾಗಿ ಪರಿಚಯವಿದ್ದ ಪದಾರ್ಥ. ಮೂರು ಲಿಕ್ಷಾ ಸೇರಿದರೆ ಒಂದು ಕರಿ ಸಾಸಿವೆ, ಮೂರು ಕರಿ ಸಾಸಿವೆಗೆ ಒಂದು ಬಿಳಿ ಸಾಸಿವೆ, ಆರು ಬಿಳಿ ಸಾಸಿವೆಗೆ ಒಂದು ಮಧ್ಯಮ ಗಾತ್ರದ ಜವೆ, ಮೂರು ಜವೆಗೆ ಒಂದು ಕೃಷ್ಣಲ ಅಂದರೆ ಗುಲಗಂಜಿ. ಐದು ಗುಲಗಂಜಿ ಒಂದು ಮಾಷ. ಹದಿನಾರು ಮಾಷ ಒಂದು ಸುವರ್ಣ. ಯಾಜ್ಞವಲ್ಕ್ಯನದೂ ಇದೇ ಕೋಷ್ಟಕ. ಆ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಬಂಗಾಳದ ಕಡೆ ಬಿಟ್ಟು ಭಾರತದ ಬಹುಪಾಲು ಕಡೆ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳು ಶತಮಾನಗಳ ಕಾಲ ಅವನ ಗ್ರಂಥದ ಆಧಾರದ ಮೇಲೆಯೇ ತೀರ್ಮಾನವಾದವು. ನಮ್ಮ ಅಜ್ಜಂದಿರು ಪಾಲುಪಟ್ಟಿಗೆ ಕೋರ್ಟು ಹತ್ತಿದ್ದೂ ಅದೇ ಗ್ರಂಥದ ನೆರಳಿನಲ್ಲಿ.

ಗುಣಿಸಿ ನೋಡಿದೆ. ಎಂಟು, ಮೂರು, ಮೂರು, ಆರು, ಮೂರು: ಒಂದು ಗುಲಗಂಜಿಗೆ 1,296 ತ್ರಸರೇಣು. ಒಂದು ಸುವರ್ಣಕ್ಕೆ 1,03,680. ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ ಎಂದು ಹಿಡಿದರೆ ಒಂದು ತ್ರಸರೇಣುವಿಗೆ ಸುಮಾರು 93 ಮೈಕ್ರೋಗ್ರಾಂ ಬರುತ್ತದೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಹುಡುಕಲು ನನ್ನ ಕಸುಬು ನೆರವಿಗೆ ಬಂದದ್ದು ಇಲ್ಲಿ. ಬಿಸಿಲುಕೋಲಿನಲ್ಲಿ ತೇಲುವ, ಸುಮಾರು 10 ಮೈಕ್ರಾನ್ ಅಗಲದ ಮಣ್ಣಿನ ಕಣ ಒಂದು ನ್ಯಾನೋಗ್ರಾಂಗಿಂತ ಚೂರು ಹೆಚ್ಚು ತೂಗುತ್ತದೆ. ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಭಾಗ. ಕೋಷ್ಟಕದ ತ್ರಸರೇಣು ಅದಕ್ಕಿಂತ ಸುಮಾರು 70,000 ಪಟ್ಟು ಭಾರ. ಅಷ್ಟು ತೂಕದ ಮಣ್ಣಿನ ಕಣ ಅರ್ಧ ಮಿಲಿಮೀಟರಿಗೆ ಹತ್ತಿರ ಇರುತ್ತದೆ, ಅಂದರೆ ಸಣ್ಣ ರವೆಯ ಒಂದು ಕಾಳಿನಷ್ಟು. ಅದನ್ನು ಬಿಸಿಲುಕೋಲಿನಲ್ಲಿ ಬಿಟ್ಟರೆ ತೇಲುವುದಿಲ್ಲ, ನೆಲಕ್ಕೆ ಬೀಳುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ‘ನಮ್ಮವರು ಲೆಕ್ಕ ತಪ್ಪಿದರು’ ಎಂದು ಬರೆದು ಮುಗಿಸುತ್ತಿದ್ದೆ. ಅದೂ ತಪ್ಪಾಗುತ್ತಿತ್ತು. ಒಂದು ಭಾನುವಾರ ಇಂಡಿಯನ್ ಅಂಗಡಿಯಿಂದ ತಂದ ಸಾಸಿವೆಯಲ್ಲಿ ನೂರು ಕಾಳು ಎಣಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯ ಮೇಲಿಟ್ಟೆ. (ಮನೆಯಾಕೆ ಏನೂ ಕೇಳಲಿಲ್ಲ; ಕೇಳದಿರುವುದು ಅಭ್ಯಾಸವಾಗಿದೆ.) ಒಂದು ಕಾಳಿಗೆ ಎರಡು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಬಂತು. ಕೋಷ್ಟಕದ ಪ್ರಕಾರ ಕರಿ ಸಾಸಿವೆ ಎಷ್ಟಿರಬೇಕು? ಗುಲಗಂಜಿಯ 54ರಲ್ಲಿ ಒಂದು ಭಾಗ, ಅಂದರೆ 2.2 ಮಿಲಿಗ್ರಾಂ. ಬಿಳಿ ಸಾಸಿವೆ ಅದರ ಮೂರು ಪಟ್ಟು, 6.7 ಮಿಲಿಗ್ರಾಂ, ಬಿಳಿ ಸಾಸಿವೆಯ ಕಾಳು ನಿಜಕ್ಕೂ 5ರಿಂದ 8 ಮಿಲಿಗ್ರಾಂ ತೂಗುತ್ತದೆ. ಜವೆ 40 ಮಿಲಿಗ್ರಾಂ. ಜವೆಯ ಕಾಳು ತೂಗುವುದೂ ಅದರ ಆಸುಪಾಸಿನಲ್ಲೇ. ಗುಲಗಂಜಿಯಿಂದ ಕರಿ ಸಾಸಿವೆಯವರೆಗೆ ಕೋಷ್ಟಕ ಸರಿಯಾಗಿದೆ! ಯಾರೋ ನಿಜವಾಗಿಯೂ ಕೂತು, ಕಾಳುಗಳನ್ನು ಎಣಿಸಿ ತೂಗಿದ್ದಾರೆ. ಅಕ್ಕಸಾಲಿಗನ ಕೈ ಅದು.

ಸಾಸಿವೆಯಿಂದ ಕೆಳಗಿಳಿದ ಕೂಡಲೇ ಲೆಕ್ಕ ಕಳಚಿಕೊಳ್ಳುತ್ತದೆ. ಕೋಷ್ಟಕದ ಸೀರು ಮುಕ್ಕಾಲು ಮಿಲಿಗ್ರಾಂ ತೂಗುತ್ತದೆ. ಮಿಲಿಮೀಟರು ಉದ್ದವೂ ಇಲ್ಲದ ಕೂದಲಿನ ಸೀರು ಅಷ್ಟೊಂದು ತೂಗುವುದು ಸಾಧ್ಯವಿಲ್ಲ. ತ್ರಸರೇಣುವಂತೂ ಮೇಲೆ ಹೇಳಿದ ಹಾಗೆ. ಅಂದಿನ ತಕ್ಕಡಿ ಎಲ್ಲಿಯವರೆಗೆ ಕೆಲಸ ಮಾಡುತ್ತಿತ್ತೋ ಅಲ್ಲಿಯವರೆಗೆ ಅಳತೆ; ತಕ್ಕಡಿ ಸೋತ ಮೇಲೆ ಕಣ್ಣು. ಕಣ್ಣಿಗೆ ಕಾಣುವುದರಲ್ಲಿ ಅತಿ ಸಣ್ಣದು ಯಾವುದು ಎಂದು ಕೇಳಿ, ಕಿಟಕಿಯ ಧೂಳನ್ನು ಕೊನೆಯ ಮೆಟ್ಟಿಲಾಗಿ ಇಟ್ಟಿದ್ದಾರೆ. ಅದಕ್ಕಿಂತ ಕಡಿಮೆ ಚಿನ್ನಕ್ಕಾಗಿ ಯಾರೂ ಜಗಳವಾಡುವಂತಿಲ್ಲ. ಮೇಷ್ಟ್ರೇ, ಸಾಸಿವೆಯವರೆಗೆ ಅಳೆದವರಿದ್ದಾರೆ. ಅದರ ಕೆಳಗೆ ಅಳೆದವರು ಯಾರೂ ಇಲ್ಲ. ನನಗೆ ಸಿಕ್ಕ ಉತ್ತರ ಇದು.

ಬೇರೆ ಗ್ರಂಥಗಳ ಕೋಷ್ಟಕಗಳನ್ನು ಪಕ್ಕದಲ್ಲಿಟ್ಟರೆ ಈ ಮಾತು ಗಟ್ಟಿಯಾಗುತ್ತದೆ. ವೈದ್ಯರ ಕೈಪಿಡಿಯಾದ ಶಾರ್ಙ್ಗಧರ ಸಂಹಿತೆಯಲ್ಲಿ ಒಂದು ತ್ರಸರೇಣುವಿಗೆ 30 ಪರಮಾಣು; ಅಲ್ಲಿ ಇದಕ್ಕೆ ‘ವಂಶೀ’ ಎಂಬ ಇನ್ನೊಂದು ಹೆಸರೂ ಇದೆ. ಮೆಟ್ಟಿಲುಗಳೂ ಬೇರೆ, ಒಂದು ಗುಲಗಂಜಿಗೆ 3,456 ತ್ರಸರೇಣು ಆಗುತ್ತದೆ. ಕವಿರಾಜಮಾರ್ಗದ ಕಾಲದ ನಮ್ಮ ಮಹಾವೀರಾಚಾರ್ಯ ಇನ್ನೊಂದು ದಾರಿ ಹಿಡಿದ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಹೊಗಳಿ ಆರಂಭವಾಗುವ ಅವನ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅದರ ಪ್ರಕಾರ ನೀರು, ಬೆಂಕಿಗಳಿಂದ ನಾಶವಾಗದ್ದು ಪರಮಾಣು. ಅಂಥ ಅನಂತ ಪರಮಾಣುಗಳು ಸೇರಿದರೆ ಒಂದು ಅಣು; ಅಳತೆಯಲ್ಲಿ ಮೊದಲನೆಯದು ಈ ಅಣು. ಅಲ್ಲಿಂದ ಎಂಟೆಂಟು ಪಟ್ಟು: ತ್ರಸರೇಣು, ರಥರೇಣು, ಕೂದಲು, ಸೀರು, ಎಳ್ಳು ಅಥವಾ ಸಾಸಿವೆ, ಜವೆ, ಅಂಗುಲ. ಇದು ಜೈನ ಗ್ರಂಥಗಳ ಪರಂಪರೆ. ರಥರೇಣು ಎಂದರೆ ರಥ ಓಡಿದಾಗ ಏಳುವ ಧೂಳು.

ಒಂದು ತ್ರಸರೇಣುವಿನಲ್ಲಿ ಎಷ್ಟು ಪರಮಾಣು? ನೈಯಾಯಿಕನನ್ನು ಕೇಳಿದರೆ ಆರು, ವೈದ್ಯನನ್ನು ಕೇಳಿದರೆ ಮೂವತ್ತು, ಜೈನ ಗಣಿತಜ್ಞನನ್ನು ಕೇಳಿದರೆ ಅನಂತ. ಒಂದೇ ವಸ್ತುವನ್ನು ಅಳೆದವರು ಹೀಗೆ ಹೇಳುವುದಿಲ್ಲ. ಈ ಮೂರರಲ್ಲಿ ನಮಗೆ ಬೇಕಾದ ಒಂದನ್ನು ಎತ್ತಿಕೊಂಡು ‘ಹಿರಿಯರು ಅಳೆದಿದ್ದರು’ ಎಂದು ಬರೆಯುವುದು ಸಂಶೋಧನೆಯಲ್ಲ. ನಾನು ಮಾಡಿದ್ದು ಅದನ್ನೇ.

ಉದ್ದದ ಅಳತೆಯಲ್ಲೊಂದು ಬಲೆ ಇದೆ. ಬೀಳುವವರಿಗೆ ಮುಂಚೆಯೇ ಹೇಳಿಬಿಡುತ್ತೇನೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ತ್ರಸರೇಣು ಎಂಬ ಹೆಸರಿಲ್ಲ. ಅಲ್ಲಿ ಎಂಟು ಪರಮಾಣುವಿಗೆ ರಥದ ಗಾಲಿಯಿಂದ ಸಿಡಿದ ಒಂದು ಕಣ, ಆಮೇಲೆ ಎಂಟೆಂಟರಂತೆ ಸೀರು, ಹೇನು, ಜವೆಯ ನಡು, ಅಂಗುಲ. ಐದು ಬಾರಿ ಎಂಟು, ಅಂದರೆ ಒಂದು ಅಂಗುಲಕ್ಕೆ 32,768 ಪರಮಾಣು. ಅಂಗುಲ ಸುಮಾರು 18 ಮಿಲಿಮೀಟರು ಎಂದು ಹಿಡಿದರೆ ಪರಮಾಣುವಿನ ಅಗಲ ಅರ್ಧ ಮೈಕ್ರಾನಿಗೆ ಹತ್ತಿರ. ಈ ಸಂಖ್ಯೆ ಕಂಡಾಗ ನನ್ನ ಮೈ ಜುಮ್ಮೆಂದಿತು. ಏಕೆಂದರೆ ನಮ್ಮ ಕ್ಲೀನ್‌ರೂಮಿನಲ್ಲಿ ನಾವು ಎಣಿಸುವುದು ಸರಿಯಾಗಿ ಅರ್ಧ ಮೈಕ್ರಾನಿನ ಕಣವನ್ನೇ. ಅಂತರರಾಷ್ಟ್ರೀಯ ಮಾನದಂಡದ ಐದನೆಯ ದರ್ಜೆಯ ಕೋಣೆಯಲ್ಲಿ, ಒಂದು ಘನ ಮೀಟರು ಗಾಳಿಯಲ್ಲಿ 0.5 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಹೆಚ್ಚಿರುವಂತಿಲ್ಲ. ‘ಕೌಟಿಲ್ಯನ ಪರಮಾಣುವೇ ಇಂದಿನ ಚಿಪ್ ಕಾರ್ಖಾನೆಯ ಮಾನದಂಡ’ ಎಂಬ ತಲೆಬರಹ ಕಣ್ಣೆದುರು ಬಂದು ನಿಂತಿತು. ಇದು ಬರೀ ಕಾಕತಾಳೀಯ. ಅದೇ ಕೋಷ್ಟಕದಲ್ಲಿ ಸೀರಿನ ಅಗಲ ಮಿಲಿಮೀಟರಿನ 0.035 ಭಾಗ, ನಿಜವಾದ ಸೀರು ಅದರ ಎಂಟು-ಹತ್ತು ಪಟ್ಟು ದಪ್ಪ. ತೂಕದ ಕೋಷ್ಟಕದಲ್ಲಿ ಕೊಬ್ಬಿದ್ದ ಸೀರು ಉದ್ದದ ಕೋಷ್ಟಕದಲ್ಲಿ ಬಡಕಲಾಗಿದೆ. ಮಧ್ಯದ ಮೆಟ್ಟಿಲೇ ಹೀಗಿರುವಾಗ ಕೊನೆಯ ಮೆಟ್ಟಿಲು ಸರಿ ಬಂದರೆ ಅದಕ್ಕೆ ಅರ್ಥವಿಲ್ಲ. ಇನ್ನು ಭೌತವಿಜ್ಞಾನದ ಪರಮಾಣು ಈ ಅರ್ಧ ಮೈಕ್ರಾನಿಗಿಂತ ಸಾವಿರಾರು ಪಟ್ಟು ಚಿಕ್ಕದು.

ಹಾಗಾದರೆ ನೈಯಾಯಿಕರ ‘ಆರು’ ಎಲ್ಲಿಂದ ಬಂತು? ಇದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಏಕೆಂದರೆ ಅವರ ಹೆಮ್ಮೆ ಇರುವುದು ಅಳತೆಯಲ್ಲಲ್ಲ, ತರ್ಕದಲ್ಲಿ. 17ನೇ ಶತಮಾನದ ಅನ್ನಂಭಟ್ಟ ತನ್ನ ತರ್ಕಸಂಗ್ರಹದ ದೀಪಿಕೆಯಲ್ಲಿ ವಾದವನ್ನು ಚುಟುಕಾಗಿ ಕೊಡುತ್ತಾನೆ. ಕಿಟಕಿಯ ಧೂಳು ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣುವ ದ್ರವ್ಯಕ್ಕೆ ಭಾಗಗಳಿರಲೇಬೇಕು, ಮಡಕೆಗೆ ಇರುವಂತೆ. ಆ ಭಾಗಗಳು ಕಾಣುವಷ್ಟು ದೊಡ್ಡ ವಸ್ತುವನ್ನು ಕಟ್ಟುತ್ತವೆ. ಆದ್ದರಿಂದ ಬಟ್ಟೆಯ ನೂಲಿನಂತೆ ಅವಕ್ಕೂ ಭಾಗಗಳಿವೆ. ಆ ಭಾಗದ ಭಾಗವೇ ಪರಮಾಣು. ಅದಕ್ಕೂ ಭಾಗ ಹೇಳುತ್ತ ಹೋದರೆ ಕೊನೆಯೇ ಇರುವುದಿಲ್ಲ. ಕೊನೆಯಿಲ್ಲದಿದ್ದರೆ ಏನಾಯಿತು? ಮೇರು ಪರ್ವತಕ್ಕೂ ಸಾಸಿವೆಗೂ ಸಮನಾಗಿ ಅನಂತ ಭಾಗಗಳಾಗಿ, ಎರಡೂ ಒಂದೇ ಗಾತ್ರವಾಗಬೇಕಾಗುತ್ತದೆ. ನೋಡಿ, ಇಲ್ಲೂ ಸಾಸಿವೆ.

ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ತ್ರಸರೇಣು, ಒಟ್ಟು ಆರು. ಎರಡೆರಡೇ ಸೇರುತ್ತ ಹೋಗಬಾರದೇಕೆ? ಪರಮಾಣುವಿನ ಗಾತ್ರ ಅತಿಸೂಕ್ಷ್ಮ. ಸೂಕ್ಷ್ಮದಿಂದ ಸ್ಥೂಲ ಹುಟ್ಟಲಾರದು. ಆದ್ದರಿಂದ ಸ್ಥೂಲತೆಗೆ ಕಾರಣ ಗಾತ್ರವಲ್ಲ, ಸಂಖ್ಯೆ. ಎರಡು ದ್ವಿತ್ವ, ಬಹುತ್ವ ಶುರುವಾಗುವುದು ಮೂರರಿಂದ. ಏಕವಚನ, ದ್ವಿವಚನ, ಬಹುವಚನ ಇರುವ ಭಾಷೆಯಲ್ಲಿ ಯೋಚಿಸಿದವರಿಗೆ ಸಹಜವಾಗಿ ಹೊಳೆಯುವ ಮಾತಿದು ಎಂದು ನನ್ನ ಊಹೆ. ಕನ್ನಡದಲ್ಲಿ ದ್ವಿವಚನವಿಲ್ಲ, ನಮ್ಮಲ್ಲಿ ವೈಶೇಷಿಕ ಹುಟ್ಟಿದ್ದರೆ ತ್ರಸರೇಣುವಿನಲ್ಲಿ ನಾಲ್ಕೇ ಪರಮಾಣು ಇರುತ್ತಿದ್ದವೋ ಏನೋ!

ಈ ವಾದವನ್ನು ಎಲ್ಲರೂ ಕೈಮುಗಿದು ಒಪ್ಪಲಿಲ್ಲ ಎಂಬುದೇ ನನಗೆ ಹೆಚ್ಚು ಸಂತೋಷ ಕೊಟ್ಟ ಸಂಗತಿ. ಬೌದ್ಧ ವಸುಬಂಧು ಕೇಳಿದ: ಒಂದು ಪರಮಾಣುವಿನ ಸುತ್ತ ಆರು ದಿಕ್ಕಿನಿಂದ ಆರು ಬಂದು ಅಂಟಿಕೊಂಡರೆ ಅದಕ್ಕೆ ಆರು ಮೈಗಳಾದವಲ್ಲ, ಭಾಗವಿಲ್ಲದ್ದು ಹೇಗಾಯಿತು? ವೇದಾಂತಿಗಳು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬೇರೆ ಕಾರಣಗಳಿಂದ ತಳ್ಳಿಹಾಕಿದರು. ಇವರೆಲ್ಲ ಹೊರಗಿನವರು. ಒಳಗಿನವನೇ ಒಬ್ಬನಿದ್ದಾನೆ. ನವದ್ವೀಪದ ರಘುನಾಥ ಶಿರೋಮಣಿ, 15-16ನೇ ಶತಮಾನದ ನವ್ಯನ್ಯಾಯದ ಮಹಾಪಂಡಿತ. ಅವನು ತನ್ನ ‘ಪದಾರ್ಥತತ್ತ್ವನಿರೂಪಣ’ದಲ್ಲಿ ಪರಮಾಣುವೂ ಇಲ್ಲ, ದ್ವ್ಯಣುಕವೂ ಇಲ್ಲ ಎಂದುಬಿಟ್ಟ. ವಿಭಾಗ ಮುಗಿಯುವುದು ಕಿಟಕಿಯ ಧೂಳಿನಲ್ಲೇ, ಅದರಾಚೆಗೆ ಪ್ರಮಾಣವಿಲ್ಲ. ಕಾಣುವುದರಿಂದ ಭಾಗವನ್ನು ಊಹಿಸುತ್ತ ಹೋದರೆ ಪರಮಾಣುವಿಗೂ ಭಾಗ ಊಹಿಸಬಹುದು, ಅಲ್ಲಿಗೇ ಏಕೆ ನಿಲ್ಲುತ್ತೀರಿ ಎಂಬುದು ಅವನ ವಾದದ ಧಾಟಿ. ನಮ್ಮ ಮೇಷ್ಟ್ರು ಫೋನಿನಲ್ಲಿ ಕೇಳಿದ ಪ್ರಶ್ನೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಅಣುವಾದ ನಮ್ಮದು ಎಂದು ಎದೆ ತಟ್ಟಿಕೊಳ್ಳುವವರು ಈ ರಘುನಾಥನನ್ನು ಯಾವ ಸಾಲಿನಲ್ಲಿ ಕೂರಿಸುತ್ತಾರೆ? ವಿಜ್ಞಾನದ ದೃಷ್ಟಿಯಿಂದ ಅವನ ತೀರ್ಮಾನ ತಪ್ಪು. ಧೂಳಿನ ಕೆಳಗೆ ಬಹಳ ಇದೆ. ಆದರೆ ಪ್ರಮಾಣ ಕೇಳುವ ಅವನ ಹಟ ಸರಿ.

ಕಾಲದ ಅಳತೆಗೂ ಈ ಧೂಳು ಬಳಕೆಯಾಗಿದೆ. ಭಾಗವತದ ಮೂರನೆಯ ಸ್ಕಂಧದಲ್ಲಿ ಎರಡು ಪರಮಾಣು ಒಂದು ಅಣು, ಮೂರು ಅಣು ಒಂದು ತ್ರಸರೇಣು. ಮೂರು ತ್ರಸರೇಣುಗಳನ್ನು ದಾಟುವ ಕಾಲ ಒಂದು ತ್ರುಟಿ. ಅಲ್ಲಿನ ಮೆಟ್ಟಿಲುಗಳನ್ನು 24 ನಿಮಿಷದ ನಾಡಿಕೆಯಿಂದ ಇಳಿಸಿದರೆ ತ್ರುಟಿ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಆಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಸಿವೆಗೆ ಹೇಳಿದ್ದೇ ನಿಮಿಷಕ್ಕೂ ಅನ್ವಯಿಸುತ್ತದೆ.

ಇನ್ನು ನಡುಕದ ಮಾತು. ‘ತ್ರಸ’ ಎಂದರೆ ನಡುಗು ಎಂದು ತಿಳಿದ ಮೇಲೆ ಬ್ರೌನಿಯನ್ ಚಲನೆ ನಮ್ಮವರಿಗೆ ಗೊತ್ತಿತ್ತು ಎಂಬ ಮಾತನ್ನೂ ಕೇಳಿದ್ದೇನೆ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಡಿ ನೀರಿನಲ್ಲಿ ನಡುಗುತ್ತಿದ್ದ ಕಣಗಳನ್ನು ಕಂಡದ್ದು ನಿಜ. ಅದಕ್ಕೆ ನೀರಿನ ಅಣುಗಳ ಬಡಿತ ಕಾರಣ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದ್ದೂ ನಿಜ. ಆದರೆ ಕಿಟಕಿಯ ಧೂಳು ಅದಕ್ಕೆ ಬಹಳ ದಪ್ಪ. ಅದು ಅಲೆಯುವುದು ಕೋಣೆಯ ಗಾಳಿಯ ಸುಳಿಗೆ, ಒಲೆಯ ಕಾವಿಗೆ, ಹುಡುಗರ ಕೈಗೆ. ಇದೇ ಧೂಳನ್ನು ಗ್ರೀಕರ ಡೆಮಾಕ್ರಿಟಸ್ ಪರಂಪರೆಯವರೂ ರೋಮಿನ ಕವಿ ಲುಕ್ರೀಶಿಯಸ್ಸನೂ ನೋಡಿ ತಮ್ಮ ಅಣುವಾದಕ್ಕೆ ಉದಾಹರಣೆ ಮಾಡಿಕೊಂಡರು. ಕಿಟಕಿ ಎಲ್ಲ ಊರಿನಲ್ಲೂ ಇತ್ತು. ಲಂಡನ್ನಿನಲ್ಲಿ ಜಾನ್ ಟಿಂಡಲ್ 1870ರಲ್ಲಿ ಧೂಳು ಮತ್ತು ರೋಗದ ಬಗ್ಗೆ ಉಪನ್ಯಾಸ ಕೊಟ್ಟಾಗ ಕತ್ತಲ ಕೋಣೆಯಲ್ಲಿ ಬೆಳಕಿನ ಕೋಲು ಹಾಯಿಸಿಯೇ ತೋರಿಸಿದ. ನಾನು ಬಳಸುವ ಯಂತ್ರದ ಒಳಗೂ ಅದೇ ಇದೆ: ಬಿಸಿಲುಕೋಲಿನ ಬದಲು ಲೇಸರ್, ಕಣ್ಣಿನ ಬದಲು ಸೆನ್ಸರ್, ಗಾಳಿ ಹಾಯುವಾಗ ಕಣವೊಂದು ಮಿನುಗಿದರೆ ಒಂದು ಎಣಿಕೆ. ಇಲ್ಲಿ ಮಾತ್ರ ಸಂಬಂಧ ಕಟ್ಟುಕತೆಯಲ್ಲ. ಸ್ಮೃತಿಕಾರ ಕಿಟಕಿಯನ್ನು ಹೆಸರಿಸಿದ್ದು ಸುಮ್ಮನೆ ಅಲಂಕಾರಕ್ಕಲ್ಲ, ಆ ಬೆಳಕಿನ ಕೋಲಿಲ್ಲದೆ ಆ ಧೂಳು ಕಾಣುವುದೇ ಇಲ್ಲ. ಅದು ನೋಡುವ ವಿಧಾನದ ವಿವರಣೆ.

ತ್ರಸರೇಣು ಕನ್ನಡದ ಮಾತಿನಲ್ಲಿ ಉಳಿಯಲಿಲ್ಲ, ಅಣು ಉಳಿಯಿತು. ಅಣುವಿನ ಹಳೆಯ ಅರ್ಥಗಳೂ ಬೇರೆಯೇ. ಋಗ್ವೇದದಲ್ಲಿ ‘ಅಣ್ವೀ’ ಎಂದರೆ ಸೋಮವನ್ನು ಸೋಸುವ ನವಿರಾದ ಬೆರಳು. ದೇವಸ್ಥಾನದಲ್ಲಿ ರುದ್ರಾಭಿಷೇಕಕ್ಕೆ ಕೂತವರು ಚಮಕದ ನಾಲ್ಕನೆಯ ಅನುವಾಕದಲ್ಲಿ ಧಾನ್ಯಗಳ ಪಟ್ಟಿ ಬರುವಾಗ ಕಿವಿಗೊಟ್ಟು ಕೇಳಿ; ಭತ್ತ, ಜವೆ, ಉದ್ದು, ಎಳ್ಳು ಇವುಗಳ ಜೊತೆ ‘ಅಣು’ ಕೂಡ ಇದೆ. ಅದೊಂದು ಸಿರಿಧಾನ್ಯ, ನಮ್ಮ ಬರಗು ಎಂದು ವಿದ್ವಾಂಸರು ಗುರುತಿಸುತ್ತಾರೆ. ಪಾಣಿನಿ ಆ ಬೆಳೆಯ ಹೊಲಕ್ಕೆ ‘ಅಣವ್ಯ’ ಎಂಬ ರೂಪ ಹೇಳುತ್ತಾನೆ. ವೈಶೇಷಿಕದ ಕರ್ತೃವಿನ ಹೆಸರು ಕಣಾದ, ಕಾಳು ತಿನ್ನುವವನು. ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿದ ಕಾಳು ಆಯ್ದು ಬದುಕುತ್ತಿದ್ದ ಎಂದು ಸಂಪ್ರದಾಯ. ಕಾಳು ಬಡಿಯುವ ಜಾಗಕ್ಕೆ ಕನ್ನಡದಲ್ಲಿ ‘ಕಣ’ ಎನ್ನುತ್ತೇವಲ್ಲ ಎಂದು ನೆನಪಾಯಿತು. ಆ ಕಣ ದ್ರಾವಿಡದ್ದು. ತ್ರಾಸಿನ ಪಾಠ ಕಲಿತಿದ್ದರಿಂದ ಮುಂದುವರಿಯಲಿಲ್ಲ.

ಇಂದು ಕರ್ನಾಟಕದ ಪಠ್ಯಪುಸ್ತಕದಲ್ಲಿ ‘ಆಟಮ್’ ಪರಮಾಣು, ‘ಮಾಲಿಕ್ಯೂಲ್’ ಅಣು. ಪತ್ರಿಕೆಗಳಲ್ಲಿ ಮಾತ್ರ ಅಣುಬಾಂಬು, ಕೈಗಾ ಅಣುವಿದ್ಯುತ್ ಸ್ಥಾವರ. ಈ ಗೊಂದಲಕ್ಕೆ ಪಠ್ಯಪುಸ್ತಕದವರನ್ನು ಬೈಯುವವರಿದ್ದಾರೆ. ನನಗನಿಸುವಂತೆ ಅವರ ಆಯ್ಕೆಗೆ ಆಧಾರವಿದೆ: ಭಾಗವತದಲ್ಲೂ ಮಹಾವೀರಾಚಾರ್ಯನಲ್ಲೂ ಪರಮಾಣುಗಳು ಸೇರಿಯೇ ಅಣು ಆಗುವುದು. ಹಳೆಯ ಶಬ್ದವನ್ನು ಹೊಸ ವಿಜ್ಞಾನಕ್ಕೆ ಎರವಲು ತರುವುದು ತಪ್ಪಲ್ಲ. ಎರವಲು ತಂದದ್ದನ್ನು ಮರೆತು, ಹೊಸ ಅರ್ಥವೇ ಹಳೆಯ ಗ್ರಂಥದಲ್ಲೂ ಇತ್ತು ಎಂದು ಹಿಂದಕ್ಕೆ ಹೊತ್ತು ಹಾಕಿದಾಗ ಹಳೆಯ ಅರ್ಥ ಮುಚ್ಚಿಹೋಗುತ್ತದೆ. ನನ್ನ ಆ ಒಂದು ವಾಕ್ಯ ಅಕ್ಕಸಾಲಿಗನನ್ನು ಮರೆಸಿತ್ತು, ರಘುನಾಥನನ್ನು ಮರೆಸಿತ್ತು, ನೂರು ಸಾಸಿವೆ ಎಣಿಸಿದ ಅನಾಮಧೇಯನನ್ನೂ ಮರೆಸಿತ್ತು.

ಕನ್ನಡ ಶಾಲೆಯ ಶಿಕ್ಷಕಿಯರನ್ನು ಕೇಳಿಕೊಂಡಿದ್ದೇನೆ. ಈ ಬಾರಿ ಮಕ್ಕಳು ಆ ಹಳೆಯ ವಾಕ್ಯವನ್ನು ಓದುವುದಿಲ್ಲ. ಅದರ ಬದಲು ಒಂದು ಶನಿವಾರ ತರಗತಿಯ ಪರದೆ ಎಳೆದು, ಒಂದು ಸಂದಿಯಲ್ಲಿ ಬಿಸಿಲು ಬಿಟ್ಟುಕೊಂಡು, ಸಾಸಿವೆ ಮತ್ತು ತಕ್ಕಡಿ ಇಟ್ಟುಕೊಂಡು ಕೂರುತ್ತಾರೆ. ಗುಲಗಂಜಿ ವಿಷದ ಬೀಜ, ಅದನ್ನು ಮಾತ್ರ ಮಕ್ಕಳ ಕೈಗೆ ಕೊಡುವುದಿಲ್ಲ.

ಈ ಲೇಖನದ ಕರಡನ್ನು ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರೀಗ ಊರಿನಲ್ಲಿದ್ದಾರೆ. ಎಲ್ಲ ಕೇಳಿ, ‘ಸರಿ, ಈಗ ಒಪ್ಪಿದೆ. ಆದರೆ ಇನ್ನೊಂದು ಸಂಶಯ’ ಎಂದರು. ಬೆಳಕಿಗೆ ಬಿಸಿಲುಕೋಲು ಎಂಬ ಚೆಂದದ ಹೆಸರಿದೆ, ಅದರೊಳಗಿನ ಧೂಳಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದಿರಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ಬರೀ ಧೂಳು ಎನ್ನುತ್ತಿದ್ದೆವು. ಅವರ ಮನೆಯಲ್ಲೂ ಅಷ್ಟೇ ಅಂತೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅದಕ್ಕೆ ಬೇರೆ ಹೆಸರಿದ್ದರೆ, ಊರಿನಲ್ಲಿರುವ ಹಿರಿಯರನ್ನು ಕೇಳಿ ಸಂಪಾದಕರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.